ಬೆಲೆಗಿಂತ ಮೊದಲು ರೀಫಿಲ್ ನೋಡಿ

ಲೇತ್‌ನಲ್ಲಿ ಮರದ ರೋಲರ್‌ಬಾಲ್ ಪೆನ್ ಮಾಡೋರು ಮೊದಲು ಅಗ್ಗದ ಕಿಟ್ (ಮರ ಬಿಟ್ಟು ಪೆನ್ನಿನ ಉಳಿದ ಬಿಡಿಭಾಗಗಳ ಸೆಟ್ಟು) ತಗೊಳ್ಳಿ ಅಂತ ಬರೆದಿದ್ದೀರಿ. ಬೆಲೆಗಿಂತ ಮೊದಲು ರೀಫಿಲ್ ನೋಡಬೇಕು ಸರ್. ನಮ್ಮ ಕೊಪ್ಪಳದ ಅಂಗಡಿಯಲ್ಲಿ ಸಿಗದ ರೀಫಿಲ್ ಆದ್ರೆ, ಇಂಕ್ ಮುಗಿದ ದಿನವೇ ಪೆನ್ನು ಮೂಲೆ ಸೇರುತ್ತೆ. ಕ್ಯಾಪ್ ತಿರುಗಿಸಿ ಹಾಕೋ ಕಡೆ ಲೋಹದ ಥ್ರೆಡ್ ಇರಲಿ, ಪ್ಲಾಸ್ಟಿಕ್ ಬೇಗ ಸವೆಯುತ್ತೆ. ತೆಳು ಚಿನ್ನದ ಲೇಪಕ್ಕಿಂತ ಕ್ರೋಮ್ ಜಾಸ್ತಿ ಬಾಳುತ್ತೆ. ಬೆರಳು ತಾಗುವಲ್ಲೇ ಬಂಗಾರದ ಬಣ್ಣ ಮೊದಲು ಹೋಗೋದು.

ಇನ್ನೊಂದು ಮಾತು. ಮರದ ಒಳಗೆ ಕೂರೋ ಎರಡು ಹಿತ್ತಾಳೆ ಕೊಳವೆಗಳ (ಒಂದು ಪೆನ್ನಿಗೆ, ಒಂದು ಕ್ಯಾಪ್‌ಗೆ) ಸುತ್ತಳತೆ ಸಾಮಾನ್ಯವಾಗಿ ಬೇರೆ ಬೇರೆ. ಕಿಟ್ ಜೊತೆಗೇ ಅದಕ್ಕೆ ಹೊಂದುವ ಡ್ರಿಲ್ ಬಿಟ್, ಬುಷ್ (ಮರ ಎಷ್ಟು ದಪ್ಪಕ್ಕೆ ಕಡೆಯಬೇಕು ಅಂತ ತೋರಿಸೋ ಲೋಹದ ಬಳೆ) ತರಿಸಿಕೊಳ್ಳಿ. ಮರ ಮಾತ್ರ ಪೂರ್ತಿ ಒಣಗಿರಲೇಬೇಕು. ನಮ್ಮ ಬಿಸಿಲಿಗೆ ಹಸಿ ಮರ ಕುಗ್ಗುತ್ತೆ, ಕೊಳವೆ ಕುಗ್ಗಲ್ಲ, ಮರ ಉದ್ದಕ್ಕೂ ಸೀಳು ಬಿಡುತ್ತೆ. ಹಳೇ ತೇಗದ ಬಾಗಿಲಿನ ತುಂಡು ಸಿಕ್ಕರೆ ಬಿಡಬೇಡಿ.