ನಲವತ್ತು ನಿಮಿಷದ ಬೇಲೂರು
ಮತ್ತೆ ಅದೇ ಟೂರ್ ಕಂಪನಿಯವರ ಕಥೆ! "ನಿಮಗೇ ಅಂತ ಕಾರು, ನಿಮಗೇ ಅಂತ ಗೈಡ್" ಎಂದು ದುಡ್ಡು ಎಣಿಸಿಕೊಂಡು ಬೇಲೂರಿಗೆ ಕೊಟ್ಟದ್ದು ನಲವತ್ತೇ ನಿಮಿಷ. ಬೆಂಗಳೂರಿನಿಂದ ಸುಮಾರು 220 ಕಿ.ಮೀ. ಏಳೂವರೆಗೆ ಹೊರಟು, ತಿಂಡಿಗೆ ಒಂದು ಗಂಟೆ, ಕಾಫಿಗೆ ಅರ್ಧ ಗಂಟೆ ನಿಲ್ಲಿಸಿದರೆ, ಮುಟ್ಟುವಷ್ಟರಲ್ಲಿ ಚೆನ್ನಕೇಶವನ ಗರ್ಭಗುಡಿಗೆ ಮಧ್ಯಾಹ್ನದ ಬಾಗಿಲು ಹಾಕದೆ ಇರುತ್ತಾರೆಯೇ? 42 ಮದನಿಕೆಯರಲ್ಲಿ, ಅಂದರೆ ಕಂಬಗಳ ಮೇಲಿನ ಸುಂದರಿಯರ ಶಿಲ್ಪಗಳಲ್ಲಿ, ತೋರಿಸುವುದು ದರ್ಪಣಸುಂದರಿ ಒಬ್ಬಳನ್ನೇ. ಉಳಿದವರೇನು ತಪ್ಪು ಮಾಡಿದ್ದರು? ನಾಲ್ವರು ಒಳಗೆ ನವರಂಗದ, ಅಂದರೆ ಗರ್ಭಗುಡಿಯ ಮುಂದಿನ ಕಂಬಗಳ ಮಂಟಪದ, ಕತ್ತಲಲ್ಲಿದ್ದಾರೆ, ಗೈಡ್ ಕೈಯಲ್ಲಿ ಒಂದು ಟಾರ್ಚೂ ಇಲ್ಲ! ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಮ್ಮ ಶಿಲ್ಪಗಳಲ್ಲಿ ಹೆಸರು ಕೆತ್ತಿದ್ದಾರೆ. ಅದನ್ನು ಓದಿ ಹೇಳುವ ಬದಲು "ಇಲ್ಲಿ ನಿಂತ್ಕೊಳ್ಳಿ ಸಾರ್, ಫೋಟೊ ಚೆನ್ನಾಗಿ ಬರುತ್ತೆ". ಹಳೇಬೀಡಿನಲ್ಲಿ ದೇವಸ್ಥಾನದ ಗೋಡೆಯ ತಳದಲ್ಲಿ ಆನೆಸಾಲು, ಅದರ ಮೇಲೆ ಸಿಂಹ, ಬಳ್ಳಿ, ಕುದುರೆ. ಇದನ್ನೆಲ್ಲ ಓಡುತ್ತಾ ನೋಡುವುದಾ? ಕರಕುಶಲ ಅಂಗಡಿಯಲ್ಲಿ ಮಾತ್ರ ಒಂದೂಕಾಲು ಗಂಟೆ ಕೂರಿಸುತ್ತಾರೆ!