ಕದ್ದದ್ದಲ್ಲ ಸ್ವಾಮಿ, ಪ್ರೈಜು!

ಟಿಪ್ಪುವಿನ ಕತ್ತಿ 2023ರ ಮೇ ತಿಂಗಳಲ್ಲಿ ಲಂಡನ್ನಿನ ಬಾನಮ್ಸ್ ಹರಾಜಿನಲ್ಲಿ ಸುಮಾರು 1 ಕೋಟಿ 40 ಲಕ್ಷ ಪೌಂಡಿಗೆ ಹೋಯಿತಲ್ಲ, ಆ ಸುದ್ದಿಯಲ್ಲಿ ನನಗೆ ಮಜಾ ಕೊಟ್ಟಿದ್ದು ದುಡ್ಡಲ್ಲ. ಮಲಗುವ ಕೋಣೆಯಲ್ಲಿದ್ದ ಆ ಕತ್ತಿಯನ್ನು ಬ್ರಿಟಿಷ್ ಸೈನ್ಯವು, ಶ್ರೀರಂಗಪಟ್ಟಣದ ಕೋಟೆಗೆ ನುಗ್ಗಿದ ದಾಳಿಯನ್ನು ಮುನ್ನಡೆಸಿದ ಜನರಲ್ ಬೇರ್ಡ್ ಸಾಹೇಬರಿಗೆ ಗೌರವದಿಂದ ‘ಅರ್ಪಿಸಿತ್ತಂತೆ’. ಸತ್ತವನ ಮನೆಯ ಬೀರು ಒಡೆದು, ಅದರಲ್ಲಿ ಸಿಕ್ಕ ಶಾಲನ್ನೇ ಜೊತೆಗಾರನಿಗೆ ಹೊದಿಸಿ ಚಪ್ಪಾಳೆ ತಟ್ಟಿದ ಹಾಗೆ. ಎಂಥಾ ಸಂಸ್ಕಾರ!

ಕಳ್ಳತನದ ವಿಷಯದಲ್ಲಿ ಇಂಗ್ಲಿಷಿನಷ್ಟು ಮರ್ಯಾದಸ್ಥ ಭಾಷೆ ಇನ್ನೊಂದಿಲ್ಲ. ‘ಲೂಟ್’ ಎಂಬ ಪದವನ್ನೂ ನಮ್ಮಿಂದಲೇ ಎತ್ತಿಕೊಂಡು ಹೋದರು ಎಂಬ ಜೋಕು ಹಳಸಿದೆ, ಬಿಡಿ. ‘ಪ್ರೈಜ್’ ನೋಡಿ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ದೋಚಿದ ಮಾಲಿಗೆ ಬೆಲೆ ಕಟ್ಟಿ ಹಂಚಲು ‘ಪ್ರೈಜ್ ಏಜೆಂಟ್’ ಎಂಬ ಅಧಿಕಾರಿಗಳೇ ಇದ್ದರು. ಹುಲಿ ಸಿಂಹಾಸನವನ್ನು ಹಾಗೇ ಕೊಟ್ಟರೆ ಲೆಕ್ಕ ಸರಿಹೋಗಬೇಕಲ್ಲ? ಚಿನ್ನದ ತಗಡು ಕಿತ್ತು, ತುಂಡು ಮಾಡಿ ಹಂಚಿದರು. ಸೇನಾಪತಿ ಹ್ಯಾರಿಸ್ ಪಾಲಿಗೇ ಲಕ್ಷ ಪೌಂಡ್ ಮೀರಿ ಬಂತು. ಈ ಪ್ರೈಜ್‌ನ ಬೇರು ಲ್ಯಾಟಿನ್ನಿನಲ್ಲಿದೆ, ಅರ್ಥ ‘ಹಿಡಿದುಕೊಳ್ಳು’. ಸ್ಕೂಲ್ ಡೇ ದಿನ ಕೊಡುವ ಪ್ರೈಜಿನ ಮನೆತನ ಬೇರೆ, ಸ್ಪೆಲಿಂಗ್ ಮಾತ್ರ ಒಂದೇ.

ಜಡ್ಜುಗಳು ತೊಡುವ ‘ರೋಬ್’ ಮತ್ತು ದರೋಡೆಯ ‘ರಾಬ್’ ಕೂಡ ದಾಯಾದಿಗಳೇ. ರೋಬ್ ಎಂದರೆ ಮೂಲದಲ್ಲಿ ಇನ್ನೊಬ್ಬರಿಂದ ಕಿತ್ತುಕೊಂಡ ಬಟ್ಟೆ. ಕೋರ್ಟಿನಲ್ಲಿ ಕೇಸಿದ್ದವರು ಇದನ್ನು ಸುಮ್ನೆ ಮನಸ್ಸಿನಲ್ಲೇ ಇಟ್ಟುಕೊಳ್ಳಿ.

ಇದೇ ಬ್ರಿಟಿಷರು 1860ರಲ್ಲಿ ನಮಗೊಂದು ದಂಡಸಂಹಿತೆ ಕೊಟ್ಟರು. ನಾಲ್ಕು ಜನ ಸೇರಿ ದೋಚಿದರೆ ರಾಬರಿ, ಐದನೆಯವನು ಸೇರಿದರೆ ಡಕಾಯಿಟಿ. ಸಾವಿರಾರು ಜನ ತೋಪು ಸಮೇತ ಬಂದರೆ ಏನು? ಅದಕ್ಕೆ ಸೆಕ್ಷನ್ ಇಲ್ಲ. ಪದಕ ಇದೆ.

2021ರಲ್ಲಿ ಅದೇ ಸಿಂಹಾಸನದ ಒಂದು ಚಿನ್ನದ ಹುಲಿತಲೆ ಹೊರದೇಶಕ್ಕೆ ಹೊರಟಿತ್ತು. ಬ್ರಿಟಿಷ್ ಸರ್ಕಾರ ಗಾಬರಿಯಾಗಿ ರಫ್ತಿಗೆ ತಡೆ ಹಾಕಿತು. ಬೆಲೆ 15 ಲಕ್ಷ ಪೌಂಡ್, ಅಲ್ಲಿಯವರೇ ಯಾರಾದರೂ ಕೊಂಡು ಉಳಿಸಿಕೊಳ್ಳಲಿ ಅಂತ. ದೇಶದ ಸ್ವತ್ತು ಹೊರಗೆ ಹೋಗಬಾರದು, ಅಲ್ವಾ?

ನಗೋಕೂ ಸುಸ್ತಾಗುತ್ತದೆ. ಕದ್ದಿರಿ. ಪಟ್ಟಿ ಮಾಡಿ, ತೂಕ ಹಾಕಿ, ಸಹಿ ಮಾಡಿ ಕದ್ದಿರಿ. ಇನ್ನೂರು ವರ್ಷ ದಾಟಿದರೂ ಆ ಒಂದು ಮಾತು ನಿಮ್ಮ ಬಾಯಿಂದ ಬರುವುದಿಲ್ಲ.

ಟಿಪ್ಪುವಿನ ಮರದ ಹುಲಿ ಲಂಡನ್ನಿನ ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿದೆ. ಪ್ರವೇಶ ಉಚಿತ. ವೀಸಾಗೆ ಮಾತ್ರ ದುಡ್ಡು ಕಟ್ಟಬೇಕು, ಅರ್ಜಿ ತಿರಸ್ಕಾರವಾದರೆ ಫೀಸು ವಾಪಸ್ ಬರುವುದಿಲ್ಲ.