ಗಿಟ್ ಬ್ಲೇಮಿನಲ್ಲಿ ಹಾಸನದ ಹುಡುಗ

ಕೋಡ್ ಬರೆಯುವ ನಮ್ಮ ಟೀಮಿನಲ್ಲಿ ಸೆಮಿಕೋಲನ್ ವಿಚಾರಕ್ಕೆ ಇಬ್ಬರು ಮಾತು ಬಿಟ್ಟಿದ್ದರು. ಒಬ್ಬರು ಜಾವಾದಲ್ಲಿ ವರ್ಷಗಟ್ಟಲೆ ದುಡಿದು ಬಂದ ಹಿರಿಯರು. ಸಾಲಿನ ಕೊನೆಗೆ ಸೆಮಿಕೋಲನ್ ಕಾಣದಿದ್ದರೆ ಅವರಿಗೆ ಊಟ ಸೇರುವುದಿಲ್ಲ. ಇನ್ನೊಬ್ಬ ಜಾವಾಸ್ಕ್ರಿಪ್ಟ್‌ನಲ್ಲೇ ಹುಟ್ಟಿ ಬೆಳೆದವನು. ‘ಇಲ್ದೆ ಇದ್ರೂ ನಡಿಯುತ್ತೆ ಗುರು, ಸುಮ್ನೆ ಯಾಕೆ?’ ಅನ್ನುವ ಪೈಕಿ. ಬೆಳಗ್ಗೆ ಇವರು ಹಾಕಿದ್ದನ್ನು ಸಂಜೆ ಅವನು ತೆಗೆಯುತ್ತಿದ್ದ. ಕೋಡಿನಲ್ಲಿ ಯಾರು ಯಾವಾಗ ಏನು ಬದಲಿಸಿದರು ಅಂತ ಲೆಕ್ಕ ಇಡುವ ಗಿಟ್ ತೆಗೆದು ನೋಡಿದರೆ ಭಾರೀ ಕೆಲಸ ನಡೆದಂತೆ ಕಾಣುತ್ತಿತ್ತು.

ಒಬ್ಬರು ಬರೆದದ್ದನ್ನು ಇನ್ನೊಬ್ಬರು ನೋಡುವ ಕೋಡ್ ರಿವ್ಯೂ ಕತೆಯೂ ಅಷ್ಟೇ. ಲಾಜಿಕ್ ಬಗ್ಗೆ ಯಾರೂ ತುಟಿ ಬಿಚ್ಚುತ್ತಿರಲಿಲ್ಲ. ಅದಕ್ಕೆ ಕೋಡ್ ಓದಬೇಕಾಗುತ್ತೆ, ಅಲ್ವಾ? ‘ಇಲ್ಲಿ ಒಂದು ಸ್ಪೇಸ್ ಜಾಸ್ತಿ’, ‘ಇಲ್ಲಿ ಸಿಂಗಲ್ ಕೋಟ್ ಹಾಕಿ’ ಅನ್ನುವ ಕಾಮೆಂಟುಗಳಿಗೆ ಮಾತ್ರ ಬರ ಇರಲಿಲ್ಲ. ಮದುವೆ ಮನೆಯಲ್ಲಿ ಎಲೆಯ ಯಾವ ಮೂಲೆಗೆ ಉಪ್ಪು ಬಡಿಸಬೇಕು ಅಂತ ಹೇಳಲು ಹತ್ತು ಜನ ಇರುತ್ತಾರೆ, ಸಾರು ಹಳಸಿದೆಯಾ ಅಂತ ನೋಡಲು ಒಬ್ಬರೂ ಇರುವುದಿಲ್ಲ, ಹಾಗೆ.

ಕೊನೆಗೆ ಮ್ಯಾನೇಜರ್ ತೀರ್ಪು ಕೊಟ್ಟರು. ‘ಜಗಳ ಮಿಷನ್‌ಗೇ ಬಿಡಿ.’ ಅಂದರೆ ಎರಡು ಸಾಧನ. ಪ್ರಿಟಿಯರ್ ಬಂದು ಸಾಲು, ಸ್ಪೇಸು, ಕೋಟುಗಳನ್ನು ಒಪ್ಪವಾಗಿ ಜೋಡಿಸುವುದು. ಇಎಸ್‌ಲಿಂಟ್ ಬಂದು ಕೋಡಿನಲ್ಲಿ ಅನುಮಾನ ಬರುವ ಜಾಗಕ್ಕೆ ಬೆರಳು ತೋರಿಸುವುದು. ಈ ಬೆರಳು ತೋರಿಸುವ ಕಸುಬು ಹೊಸದೇನಲ್ಲ. 1978ರಲ್ಲೇ ಬೆಲ್ ಲ್ಯಾಬ್ಸ್‌ನ ಸ್ಟೀಫನ್ ಜಾನ್ಸನ್ ಸಿ ಭಾಷೆಗೆ ಅಂತ ಲಿಂಟ್ ಬರೆದಿದ್ದರು. ನಮ್ಮ ಟೀಮಿನ ಬಹುಪಾಲು ಜನರಿಗಿಂತ ಹಳೇದು.

ಮೊದಲ ಮೀಟಿಂಗಿನಲ್ಲಿ ಸಾಲಿನ ಉದ್ದ ಎಷ್ಟಿರಬೇಕು ಅಂತ ಮಾತು ಶುರುವಾಯಿತು. ಪ್ರಿಟಿಯರ್ ತಾನಾಗಿ ಹಿಡಿಯುವುದು 80 ಅಕ್ಷರ. ‘ಮೂವತ್ತು ಇಂಚಿನ ಮಾನಿಟರ್ ಕೊಡಿಸಿ 80ಕ್ಕೆ ಮುರೀರಿ ಅಂದ್ರೆ?’ ಅಂತ ಒಬ್ಬ ರೇಗಿದ. ಹಿರಿಯರು 80 ಅನ್ನುವುದು ಪರಂಪರೆ ಅಂದರು. ಅದೂ ನಿಜ. 1928ರಲ್ಲಿ ಐಬಿಎಂ ತಂದ, ತೂತು ಹಾಕಿ ಮಾಹಿತಿ ತುಂಬುವ ರಟ್ಟಿನ ಪಂಚ್ ಕಾರ್ಡಿಗೆ 80 ಕಾಲಮ್ ಇತ್ತು. ಕಾರ್ಡು ಗುಜರಿಗೆ ಹೋಗಿ ಎಷ್ಟೋ ಕಾಲವಾಯಿತು, 80 ಉಳಿದುಕೊಂಡಿತು. ಲಿನಕ್ಸ್ ಕರ್ನಲ್‌ನವರೇ 2020ರಲ್ಲಿ 100ರ ತನಕ ಹೋಗಲಿ ಬಿಡಿ ಅಂತ ಸಡಿಲ ಮಾಡಿದರು. ಪೈಥಾನ್ ಭಾಷೆಗೆ ಪ್ರಿಟಿಯರ್‌ನಂಥದ್ದೇ ಕೆಲಸ ಮಾಡುವ ಬ್ಲ್ಯಾಕ್‌ಗೆ 88. ಗೋ ಭಾಷೆಯ ಗೋಎಫ್‌ಎಂಟಿ ಈ ಗೋಜಿಗೇ ಹೋಗಿಲ್ಲ, ಸಾಲನ್ನು ಎಲ್ಲಿ ಮುರಿಯಬೇಕೆನ್ನುವುದು ಬರೆದವರಿಗೆ ಬಿಟ್ಟಿದ್ದು. ನಾವು ಚೌಕಾಸಿ ಮಾಡಿ 100ಕ್ಕೆ ಕುದುರಿಸಿದೆವು. ಯಾರಿಗೂ ಖುಷಿಯಾಗಲಿಲ್ಲ. ನನ್ನ ಪ್ರಕಾರ ಒಳ್ಳೆಯ ನಿಯಮದ ಲಕ್ಷಣವೇ ಅದು.

ಇಡೀ ಪ್ರಾಜೆಕ್ಟಿನ ಮೇಲೆ ಪ್ರಿಟಿಯರ್ ಕಮಾಂಡ್ ಒಮ್ಮೆ ಓಡಿಸಿ, ಬದಲಾವಣೆಯನ್ನು ಗಿಟ್‌ನಲ್ಲಿ ದಾಖಲಿಸುವ, ಅಂದರೆ ಕಮಿಟ್ ಮಾಡುವ ಕೆಲಸ, ಆಗಷ್ಟೇ ಸೇರಿದ್ದ ಹಾಸನದ ಹುಡುಗನ ಪಾಲಿಗೆ ಬಂತು. ‘ಒಂದು ಕಮಾಂಡ್ ಅಷ್ಟೇ ಕಣೋ’ ಅಂದರು ಹಿರಿಯರು. ಅವನು ಓಡಿಸಿದ. ಇದ್ದಬದ್ದ ಫೈಲುಗಳೆಲ್ಲ ಬದಲಾದವು. ಪಾಪ, ಅಲ್ಲಿಗೆ ಕೆಲಸ ಮುಗಿಯಿತು ಅಂದುಕೊಂಡಿದ್ದ.

ಮರುದಿನ ವಿಂಡೋಸ್ ಲ್ಯಾಪ್‌ಟಾಪಿನವಳ ಸ್ಕ್ರೀನು ಕೆಂಪಾಗಿತ್ತು. ಒಂದೊಂದು ಸಾಲಿನ ತುದಿಗೂ ಕೆಂಪು ಅಂಕುಡೊಂಕು ಗೆರೆ. ಕರ್ಸರ್ ಇಟ್ಟರೆ ‘ಡಿಲೀಟ್’ ಅನ್ನುತ್ತದೆ, ಪಕ್ಕದಲ್ಲಿ ಇರುವೆಯಷ್ಟು ದೊಡ್ಡ ಒಂದು ಚಿಹ್ನೆ. ಏನನ್ನು ಡಿಲೀಟ್ ಮಾಡಬೇಕು? ಅಲ್ಲಿ ಏನೂ ಇಲ್ಲ! ಅವಳು ಡಿಲೀಟ್ ಒತ್ತಿದಳು, ಕೆಳಗಿನ ಸಾಲು ಬಂದು ಮೇಲಿನದಕ್ಕೆ ಅಂಟಿಕೊಂಡಿತು. ಎಂಟರ್ ಒತ್ತಿದಳು, ಕೆಂಪು ಗೆರೆ ಮತ್ತೆ ಹಾಜರು. ತಕರಾರು ಸಾಲು ಮುಗಿಯಿತು ಅನ್ನುವ, ಕಣ್ಣಿಗೆ ಕಾಣದ ಗುರುತಿನದು. ಟೆಲಿಪ್ರಿಂಟರ್ ಕಾಲದಲ್ಲಿ ಅಚ್ಚಿನ ತಲೆಯನ್ನು ಎಡಕ್ಕೆ ತರಲು ಒಂದು ಸಂಕೇತ, ಕಾಗದ ಮೇಲೆ ಸರಿಸಲು ಇನ್ನೊಂದು. ವಿಂಡೋಸ್ ಎರಡನ್ನೂ ಇಟ್ಟುಕೊಂಡಿದೆ, ಯೂನಿಕ್ಸ್ ಕಡೆಯವರಿಗೆ ಒಂದೇ ಸಾಕು. ಪ್ರಿಟಿಯರ್ 2020ರಿಂದ ಯೂನಿಕ್ಸ್ ಪಕ್ಷ. ಸೆಟ್ಟಿಂಗಿನಲ್ಲಿ ಒಂದು ಸಾಲು ಬದಲಿಸಿದರೆ ಮುಗಿಯುವ ವಿಷಯ. ಅದು ಗೊತ್ತಾಗುವ ಹೊತ್ತಿಗೆ ಅವಳು ಕಾಣದ ಅಕ್ಷರ ಹುಡುಕಿ ಹುಡುಕಿ ಕನ್ನಡಕದ ನಂಬರನ್ನೇ ಅನುಮಾನಿಸುತ್ತಿದ್ದಳು.

ಆಮೇಲೆ ಎರಡು ಸಾಧನಗಳಿಗೇ ಹತ್ತಿಕೊಂಡಿತು. ಸೇವ್ ಮಾಡಿದರೆ ಪ್ರಿಟಿಯರ್ ಡಬಲ್ ಕೋಟ್ ಹಾಕುತ್ತೆ, ಹಿಂದೆಯೇ ಇಎಸ್‌ಲಿಂಟ್ ಬಂದು ಸಿಂಗಲ್ ಮಾಡುತ್ತೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಮನುಷ್ಯರ ಜಗಳ ಬಿಡಿಸಲು ಬಂದವರ ಜಗಳ ಬಿಡಿಸಲು ಇನ್ನೊಂದು ಪ್ಯಾಕೇಜ್ ಹಾಕಬೇಕಾಯಿತು. ಅದಕ್ಕಿರುವುದು ಒಂದೇ ಕೆಲಸ, ಇಎಸ್‌ಲಿಂಟಿಗೆ ‘ನೀನು ಇದರಲ್ಲಿ ತಲೆ ಹಾಕಬೇಡ’ ಅನ್ನುವುದು.

ಇನ್ನು ಕಮಿಟ್ ತಡೆಯುವ ಹಸ್ಕಿ. ತಪ್ಪಿದ್ದರೆ ಬಾಗಿಲಲ್ಲೇ ವಾಪಸ್ ಕಳಿಸುತ್ತೆ. ಶುಕ್ರವಾರ ಸಂಜೆ, ಕೆಳಗೆ ಕ್ಯಾಬ್ ಹಾರ್ನ್ ಹಾಕುತ್ತಿದೆ, ಇಲ್ಲಿ ‘ಬಳಸದ ವೇರಿಯಬಲ್ ಒಂದಿದೆ’ ಅಂತ ತಕರಾರು. ನಮ್ಮವರು ‘ನೋ ವೆರಿಫೈ’, ಅಂದರೆ ತಪಾಸಣೆ ಬೇಡ ಅಂತ ಸೇರಿಸಿ ಕಮಿಟ್ ಮಾಡುವುದನ್ನು ಬೇಗನೆ ಕಲಿತರು. ಅದೇ ತಪಾಸಣೆಯನ್ನು ಸರ್ವರ್‌ನಲ್ಲೂ ಹಾಕಿದೆವು. ಆಗ ಸಾಲಿನ ಮೇಲೆ ‘ಇಎಸ್‌ಲಿಂಟ್ ಡಿಸೇಬಲ್’ ಅನ್ನುವ ಕಾಮೆಂಟು ಹಾಕತೊಡಗಿದರು. ನೀನು ಚಾಪೆ ಕೆಳಗೆ ತೂರಿದರೆ ನಾನು ರಂಗೋಲಿ ಕೆಳಗೆ. ಕಾರಣ ಬರೆಯದೆ ಡಿಸೇಬಲ್ ಮಾಡುವಂತಿಲ್ಲ ಅಂತ ಮ್ಯಾನೇಜರ್ ಆಜ್ಞೆ ಹೊರಡಿಸಿದರು. ಕಾರಣಗಳೂ ಬಂದವು: ‘ಬೇಕು’, ‘ಮುಂದಿನ ವಾರ ತೆಗೀತೀನಿ’, ‘ಕ್ಯಾಬ್ ಬಂತು’.

ಇಷ್ಟೆಲ್ಲದರ ನಡುವೆ ಇಎಸ್‌ಲಿಂಟ್ ನಿಜವಾದ ಒಂದು ಹುಳುಕು ಹಿಡಿದುಕೊಟ್ಟಿತು. ನಮ್ಮದು ಬಿಲ್ಲಿಂಗ್ ಸಾಫ್ಟ್‌ವೇರ್. ಒಬ್ಬೊಬ್ಬ ಗ್ರಾಹಕನಿಗೆ ಏನು ಮಾಡಬೇಕು ಅಂತ ಕೇಸು ಕೇಸಾಗಿ ವಿಂಗಡಿಸುವ ಒಂದು ಹಳೇ ಸ್ವಿಚ್‌ನಲ್ಲಿ, ‘ಹೊಸ ಗ್ರಾಹಕ’ ಅನ್ನುವ ಕೇಸಿನ ಕೊನೆಗೆ ‘ಇಲ್ಲಿಗೆ ನಿಲ್ಲು’ ಅನ್ನುವ ಬ್ರೇಕ್ ಇರಲಿಲ್ಲ. ಹಾಗಾಗಿ ಹೊಸಬರೆಲ್ಲ ಜಾರಿ ಕೆಳಗಿನ ಕೇಸಿಗೆ ಬಿದ್ದು, ಹಿರಿಯ ನಾಗರಿಕರ ರಿಯಾಯಿತಿ ಪಡೆದು ಹೋಗುತ್ತಿದ್ದರು. ಕಾಲೇಜು ಹುಡುಗರಿಗೂ ಹಿರಿಯ ನಾಗರಿಕರ ರೇಟು! ರಿಯಾಯಿತಿ ಜಾಸ್ತಿ ಸಿಕ್ಕಿತು ಅಂತ ಕಂಪ್ಲೇಂಟ್ ಕೊಡುವ ಗ್ರಾಹಕ ಎಲ್ಲಿದ್ದಾನೆ?

ಇದನ್ನು ಬರೆದವರು ಯಾರು ಅಂತ ಗಿಟ್ ಬ್ಲೇಮ್ ಹಾಕಿದರು. ಪ್ರತಿ ಸಾಲನ್ನೂ ಕೊನೆಗೆ ಮುಟ್ಟಿದವರ ಹೆಸರನ್ನು ಅದು ಹೇಳುತ್ತೆ. ಬಂದದ್ದು ಹಾಸನದ ಹುಡುಗನ ಹೆಸರು. ಅವನು ಓಡಿಸಿದ ಆ ಒಂದು ಕಮಾಂಡ್ ಹೆಚ್ಚುಕಡಿಮೆ ಪ್ರತಿ ಸಾಲನ್ನೂ ಮುಟ್ಟಿತ್ತಲ್ಲ, ಎಲ್ಲದರ ಮೇಲೂ ಅವನದೇ ಹೆಸರು ಕೂತಿತ್ತು. ಹಣಕಾಸು ವಿಭಾಗದವರು ಫೋನ್ ಮಾಡಿ ವಿವರಣೆ ಕೇಳಿದರು. ಆ ಕೋಡ್ ಬರೆದಾಗ ಅವನು ಪಿಯುಸಿಯಲ್ಲಿದ್ದ. ‘ಸರ್, ನಾನು ಬರೀ ಸ್ಪೇಸ್ ಹಾಕಿದ್ದು’ ಅಂತ ಎಷ್ಟು ಹೇಳಿದರೂ ಅವರಿಗೆ ಅರ್ಥವಾಗಲಿಲ್ಲ. ಆಮೇಲೆ ರಾತ್ರಿ ಹೊತ್ತು ಏನು ಕೆಟ್ಟರೂ ಫೋನ್ ಅವನಿಗೇ.

ಅವನ ಅವಸ್ಥೆ ನೋಡಲಾಗದೆ ನಾನೇ ದಾರಿ ಹುಡುಕಿದೆ. 2019ರಲ್ಲಿ ಬಂದ ಗಿಟ್ 2.23ರಿಂದ ಇದಕ್ಕೆ ವ್ಯವಸ್ಥೆ ಇದೆ. ಫಾರ್ಮ್ಯಾಟಿಂಗ್ ಮಾಡಿದ ಕಮಿಟ್ಟಿನ ನಂಬರನ್ನು ಒಂದು ಫೈಲಿನಲ್ಲಿ ಬರೆದಿಟ್ಟು ಗಿಟ್‌ಗೆ ತೋರಿಸಿದರೆ, ಬ್ಲೇಮ್ ಅದನ್ನು ದಾಟಿ ಹಿಂದೆ ಹೋಗಿ, ನಿಜವಾಗಿ ಬರೆದವರ ಹೆಸರು ಹೇಳುತ್ತದೆ. ಇದನ್ನು ಕೇಳಿ ಟೀಮಿನ ಹಳಬರ ಮುಖ ಯಾಕೋ ಸಪ್ಪಗಾಯಿತು. ಹುಡುಗ ಮಾತ್ರ ಕುಣಿದಾಡುತ್ತಾನೆ ಅಂದುಕೊಂಡೆ. ಅವನು ಕುರ್ಚಿ ಹತ್ತಿರ ಎಳೆದುಕೊಂಡು ಕೂತ. ಬ್ಲೇಮ್ ಲೆಕ್ಕದಲ್ಲಿ ಯಾರ ಹೆಸರಿನಲ್ಲಿ ಎಷ್ಟು ಸಾಲಿದೆ ಅಂತ ಎಣಿಸಿ ಮ್ಯಾನೇಜರಿಗೆ ಒಂದು ರಿಪೋರ್ಟ್ ಹೋಗುತ್ತದಂತೆ. ಈ ಸಲ ಅದರಲ್ಲಿ ಇವನೇ ಮೊದಲು. ಎರಡನೆಯವರು ಕಣ್ಣಿಗೆ ಕಾಣದಷ್ಟು ದೂರ.

‘ಸರ್, ಆ ಫೈಲು ಅಪ್ರೈಸಲ್ ಮುಗಿದ ಮೇಲೆ ಹಾಕೋಣ್ವಾ?’ ಅಂದ.